ಉಳ್ಳಾಗಡ್ಡಿ ಲಾರಿಯ ಡ್ರೈವರಿಗೂ ನಿದ್ದೆ ಬೇಕಲ್ಲವೇ?

ಯಶವಂತಪುರ ಎಪಿಎಂಸಿ ಯಾರ್ಡಿಗೆ ಉಳ್ಳಾಗಡ್ಡಿ ಕಳಿಸೋ ನಾವು ರೇಟಿನ ಬಗ್ಗೆ ಮಾತಾಡಿದಷ್ಟು, ಮಾಲನ್ನ ಅಲ್ಲಿಗೆ ಮುಟ್ಟಿಸೋ ಮನುಷ್ಯನ ಬಗ್ಗೆ ಮಾತಾಡೋದೇ ಇಲ್ಲ. ಬಾಡಿಗೆ ಎಷ್ಟು, ಎಷ್ಟೊತ್ತಿಗೆ ಮುಟ್ಟಿಸ್ತೀಯ, ಎರಡೇ ಪ್ರಶ್ನೆ. ಎರಡನೇ ಪ್ರಶ್ನೆಗೆ ಡ್ರೈವರ್ "ಬೆಳಿಗ್ಗೆ ಸವಾಲಿನೊಳಗ ಮುಟ್ಟಸ್ತೀನ್ರೀ" ಅಂದುಬಿಟ್ಟರೆ ನಮ್ಮ ಕೆಲಸ ಮುಗೀತು. ಆ ಮಾತು ಉಳಿಸ್ಕೊಳ್ಳೋಕೆ ಅವನು ಏನೇನು ಮಾಡ್ತಾನೆ ಅನ್ನೋದು ನಮಗೆ ಬೇಡ.

ಹೋದ ಹಂಗಾಮಿನಲ್ಲಿ ಮಾಲಿನ ಜೊತೆ ನಾನೇ ಲಾರಿ ಹತ್ತಿದ್ದೆ. ಬಸವನಬಾಗೇವಾಡಿ ಕಡೆಯಿಂದ ಯಶವಂತಪುರ ಹತ್ತತ್ರ 500 ಕಿಲೋಮೀಟರ್. ಡ್ರೈವರ್ ಬೆಳಿಗ್ಗೆ 11ಕ್ಕೇ ಬಂದಿದ್ದ. ಹಿಂದಿನ ರಾತ್ರಿ ಇನ್ನೊಂದು ಊರಲ್ಲಿ ಮಾಲು ಇಳಿಸಿ ಸೀದಾ ಬಂದವನು. ಮಧ್ಯಾಹ್ನ 2ಕ್ಕೆ ಲೋಡ್ ಮುಗೀಬೇಕಿತ್ತು. ಮೂರು ಹೊಲದ ಮಾಲು, ಕೂಲಿಯವರು ಕಡಿಮೆ, ಒಂದು ಕಡೆ ಚೀಲಾನೇ ಹೊಲಿದಿರಲಿಲ್ಲ. ಹೊಲದಿಂದ ಹೊಲಕ್ಕೆ ಗಾಡಿ ಸರಿಸುತ್ತ, ಚೀಲ ಬೀಳೋ ಸದ್ದಿನಲ್ಲಿ ಕ್ಯಾಬಿನ್ನಿನೊಳಗೆ ಯಾವ ನಿದ್ದೆ? ತಾಡಪತ್ರಿ ಹೊದಿಸಿ ಹಗ್ಗ ಬಿಗಿದು ಹೊರಡೋವಾಗ ರಾತ್ರಿ ಎಂಟೂವರೆ.

ನಿಡಗುಂದಿ, ಇಳಕಲ್, ಕುಷ್ಟಗಿ ದಾಟಿ ಹೊಸಪೇಟೆಗೆ ಬಂದಾಗ ಹನ್ನೆರಡು ದಾಟಿತ್ತು. ಒಂದು ಚಹಾ, ಟೈರಿಗೆ ಎರಡು ಏಟು ಹೊಡೆದು ನೋಡಿದ್ದು, ಮತ್ತೆ ಸ್ಟೇರಿಂಗ್. ಚಿತ್ರದುರ್ಗ ದಾಟಿದ ಮೇಲೆ ಅಸಲಿ ಕಷ್ಟ ಶುರು. ದಾರಿ ನೆಟ್ಟಗೆ, ಅಗಲ. ಬೆಳಗಿನ ಜಾವ ಮೂರರಿಂದ ಐದರ ಹೊತ್ತಿಗೆ ಮೈ ತಾನಾಗಿ ಕುಸಿಯುತ್ತೆ. "ಅಣ್ಣಾರ, ಸುಮ್ನ ಕೂಡ್ರಬ್ಯಾಡ್ರಿ, ಏನರ ಮಾತಾಡ್ರಿ" ಅಂದ. ಹಿರಿಯೂರಿನ ಹತ್ರ ನಿಲ್ಲಿಸಿ ಮುಖಕ್ಕೆ ನೀರು ಹಾಕ್ಕೊಂಡ. ಒಂದು ತಾಸು ಮಲಗಪ್ಪಾ ಅಂದ್ರೆ, "ಸವಾಲು ತಪ್ಪಿದ್ರ ನಿಮ್ಮೂರವ್ರು ನನ್ನ ಬಾಡಿಗಿ ಹಿಡೀತಾರ್ರೀ" ಅಂದ. ಈ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ.

ತುಮಕೂರು, ನೆಲಮಂಗಲ ಆದಮೇಲೆ ಬೆಂಗಳೂರಿನ ಟ್ರಾಫಿಕ್. ಪೀಣ್ಯ ಮೇಲ್ಸೇತುವೆ 2021ರ ಡಿಸೆಂಬರಿನಲ್ಲಿ ಬಂದ್ ಆದಾಗ, 2024ರ ಜುಲೈವರೆಗೂ ಭಾರಿ ಗಾಡಿಗಳೆಲ್ಲ ಕೆಳಗಿನ ರಸ್ತೆಯಲ್ಲೇ ತೆವಳಬೇಕಿತ್ತು. ಈಗಲೂ ಗೊರಗುಂಟೆಪಾಳ್ಯದ ಜಂಕ್ಷನ್‌ನಲ್ಲಿ ಹೆಬ್ಬಾಳದ ಕಡೆಯಿಂದ ಬರೋ ರಿಂಗ್ ರಸ್ತೆಯ ಗಾಡಿಗಳೂ ಸೇರಿಕೊಂಡು, ಹತ್ತು ನಿಮಿಷದ ದಾರಿ ಅರ್ಧ ತಾಸು ಆಗೋದು ಮಾಮೂಲು. ಯಾರ್ಡ್ ಮುಟ್ಟಿದ್ದು ಎಂಟೂಕಾಲಿಗೆ. ಆಮೇಲೆ ಸಾಲು, ಹಮಾಲರಿಗೆ ಕಾಯೋದು. ಮಧ್ಯಾಹ್ನ ಗಾಡಿ ಖಾಲಿ ಆಯ್ತು, ಡ್ರೈವರಿನ ದಿನ ಮುಗೀಲಿಲ್ಲ. ಹಿಂದಕ್ಕೆ ಲೋಡ್ ಸಿಗದೆ ಖಾಲಿ ಹೋದರೆ ಡೀಸೆಲ್ ಕಾಸು ಮೈಮೇಲೆ. ಹಾಗಾಗಿ ಅಲ್ಲೇ ಲಾರಿ ನಿಲ್ಲೋ ಕಡೆ ಒಂದೂವರೆ ದಿನ ಕಾದ. ಊಟ, ಸ್ನಾನ, ಶೌಚ, ಎಲ್ಲಾ ಅವನ ಜೇಬಿಂದ.

ಇದಕ್ಕೆಲ್ಲ ಕಾನೂನು ಇಲ್ಲವಾ? ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತ ಬರೆದಿಟ್ಟಿತ್ತು. ಐದು ಜನ ಕೆಲಸಗಾರರಾದರೂ ಇರೋ ಸಂಸ್ಥೆಗೆ ಮಾತ್ರ ಅದು ಅನ್ವಯ ಆಗ್ತಿತ್ತು. ನಾವು ಬಾಡಿಗೆ ಹಿಡಿಯೋದು ಒಂದೇ ಗಾಡಿ ಇಟ್ಟುಕೊಂಡು, ಸಾಲದ ಕಂತು ಕಟ್ಟುತ್ತಿರೋ ಮಾಲೀಕರನ್ನ. ಎಷ್ಟೋ ಸಲ ಮಾಲೀಕನೇ ಡ್ರೈವರ್. ಅವನಿಗೆ ವೇಳಾಪಟ್ಟಿ ಹಾಕೋದು ಸರ್ಕಾರ ಅಲ್ಲ, ನಾವು.

"ರೇಟ್ ಬಿದ್ದರೆ ನಮ್ಮ ಗತಿ ಏನು?" ಅಂತ ನೀವು ಕೇಳ್ತೀರಿ. ನ್ಯಾಯವಾದ ಪ್ರಶ್ನೆ, ನಾನೂ ಬೆಳೆಗಾರನೇ. ಆದರೆ ಒಂದು ಮಾತು ಯೋಚನೆ ಮಾಡಿ: ಒಂದು ದಿನ ತಡ ಆದರೆ ಕೆಡೋ ಮಾಲು ಯಾವುದು? ಮಳೆಗೆ ಸಿಕ್ಕಿ, ಕುತ್ತಿಗೆ ಒಣಗದೆ, ಹಸಿಯಾಗೇ ಚೀಲ ತುಂಬಿದ್ದು. ತಾಡಪತ್ರಿ ಅಡಿ ಗಾಳಿ ಆಡದೆ ಅದು ಬೆವರುತ್ತೆ, ಕೊಳೆ ಶುರುವಾಗುತ್ತೆ. ಕಿತ್ತ ಮೇಲೆ ನೆರಳಲ್ಲಿ, ಕುತ್ತಿಗೆ ಮುಚ್ಚಿಕೊಂಡು ಹೊರಸಿಪ್ಪೆ ಗರಿಗರಿ ಆಗೋವರೆಗೆ ಒಣಗಿಸಿದ ಗಡ್ಡೆ ಆರು ತಾಸು ತಡವಾದರೆ ಹಾಳಾಗೋದಿಲ್ಲ. ನಾವು ಒಣಗಿಸೋದರಲ್ಲಿ ಮಾಡಿದ ಅವಸರಾನ ಡ್ರೈವರ್ ಎಕ್ಸಿಲೇಟರ್ ಮೇಲೆ ತೀರಿಸಬೇಕಾಗಿದೆ.

ಕೈಯಲ್ಲಿ ಫೋನ್ ಇದೆ. ಅದನ್ನ ಲಾರಿ ಹೊರಟ ಮೇಲೆ ಅಲ್ಲ, ಬರೋ ಮೊದಲೇ ಬಳಸಿ. ಕೃಷಿ ಮಾರಾಟ ವಾಹಿನಿಯಲ್ಲಿ ಹಿಂದಿನ ದಿನಗಳ ಆವಕ, ಧಾರಣೆ ನೋಡಿ. ಮಂಡಿಯವರಿಗೆ ಫೋನ್ ಹಚ್ಚಿ, ಯಾರ್ಡಿಗೆ ರಜೆ ಇದೆಯಾ, ಸಾಲು ಎಷ್ಟಿದೆ ಕೇಳಿ. ಅಕ್ಕಪಕ್ಕದ ಹೊಲದವರು ಸೇರಿ ಹಿಂದಿನ ದಿನವೇ ಚೀಲ ಹೊಲಿದು, ಲಾರಿ ನಿಲ್ಲೋ ಒಂದೇ ಜಾಗಕ್ಕೆ ತಂದಿಡಿ. ಬೆಳಿಗ್ಗೆ ತುಂಬಿದ ಗಾಡಿ ಮಧ್ಯಾಹ್ನವೇ ಹೊರಟರೆ, ಸಿರಾದ ಹತ್ತಿರ ಮೂರು ತಾಸು ಮಲಗಿಯೂ ಸವಾಲಿಗೆ ಮುಟ್ಟುತ್ತೆ.

ಲೈವ್ ಲೊಕೇಶನ್ ಹಾಕಿಸ್ಕೊಂಡು "ಯಾಕೆ ನಿಂತೆ?" ಅಂತ ರಾತ್ರಿ ಎರಡಕ್ಕೆ ಫೋನ್ ಮಾಡೋ ಚಾಳಿ ಈಗ ಹುಡುಗರಲ್ಲಿ ಜಾಸ್ತಿ ಆಗಿದೆ. ದಯವಿಟ್ಟು ಬಿಡಿ. ಚುಕ್ಕಿ ನಿಂತಿದೆ ಅಂದ್ರೆ ಅವನು ಮಲಗಿದ್ದಾನೆ ಅಂತ ತಿಳ್ಕೊಳ್ಳಿ. ಮಾತಾಡಲೇಬೇಕು ಅಂದ್ರೆ ಕ್ಲೀನರ್ ನಂಬರ್ ಇಸ್ಕೊಳ್ಳಿ.

"ಇನ್ನೊಂದಿಪ್ಪತ್ತು ಚೀಲ ಹಾಕೋ" ಅನ್ನೋದೂ ನಿಲ್ಲಲಿ. ಎರಡು ಆಕ್ಸಲಿನ ಆರು ಚಕ್ರದ ಲಾರಿಗೆ ಮಾಲು ಸೇರಿ ಒಟ್ಟು 18.5 ಟನ್ ಮಿತಿ. ಮೀರಿದರೆ ಕಾನೂನಿನಲ್ಲಿ ದಂಡ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ಬ್ರೇಕ್ ಹಿಡಿಯದೇ ಇದ್ದರೆ ಏನಾಗುತ್ತೆ ಅನ್ನೋದು ಬೇರೆ ಲೆಕ್ಕ. ಮತ್ತೆ ಲೋಡ್ ನಮ್ಮಿಂದ ತಡವಾದರೆ ಕಾದ ಹೊತ್ತಿಗೆ ಕಾಸು ಕೊಡಿ; ಎಷ್ಟು ಅನ್ನೋದನ್ನ ಬಾಡಿಗೆ ಮಾತಾಡೋವಾಗಲೇ ಗೊತ್ತುಮಾಡ್ಕೊಳ್ಳಿ. ನಾವು ಮೂರು ಮನೆಯವರು ಈ ಸಲ ಹಾಗೇ ಮಾಡಿದ್ವಿ. ಚೀಲದ ಮೇಲೆ ಹಂಚಿದಾಗ ಬಂದದ್ದು ಒಂದು ಚಹಾದ ಕಾಸಿಗಿಂತ ಕಡಿಮೆ.