ರಂಪಣಿಯ ಪಾಲು

ಜೂನ್ 29 ಸಂತ ಪೇತ್ರ ಮತ್ತು ಸಂತ ಪೌಲರ ಹಬ್ಬ. ಬೆಸ್ತನಾಗಿದ್ದ ಪೇತ್ರನ ಹಬ್ಬವು ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ದಡ ಸೇರಿರುವ ಕಾಲದಲ್ಲೇ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ ಈ ಬಿಡುವು ಒಂದಿಷ್ಟು ಆತ್ಮಪರಿಶೀಲನೆಗೂ ಒದಗಲೆಂದು ನಾವು ಬಯಸುತ್ತೇವೆ.

ಮತ್ತಾಯನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಸ್ವರ್ಗಸಾಮ್ರಾಜ್ಯವನ್ನು ಬಲೆಗೆ ಹೋಲಿಸಿದ್ದಾರೆ. ಅದು ಒಬ್ಬನೇ ಬೀಸುವ ಬಲೆಯಲ್ಲ. ತುಂಬಿದ ಮೇಲೆ ದಡಕ್ಕೆಳೆದು, ಜನ ಕುಳಿತು ಮೀನು ಆರಿಸುವ ದೊಡ್ಡ ಬಲೆ. ಕಾರವಾರದಿಂದ ಮಲ್ಪೆಯವರೆಗಿನ ಕಡಲತೀರದ ಹಿರಿಯರಿಗೆ ಈ ಸಾಮತಿಯನ್ನು ವಿವರಿಸಬೇಕಾಗಿಲ್ಲ. ಅಂತಹ ಬಲೆಯನ್ನು ಅವರು ರಂಪಣಿ ಎನ್ನುತ್ತಿದ್ದರು.

ನೀರಿನ ಬಣ್ಣ ಬದಲಾದುದನ್ನು ಕಂಡೇ ಬಂಗುಡೆಯ ಹಿಂಡು ಬಂದಿದೆಯೆಂದು ಅನುಭವಿಗಳು ಗುರುತಿಸುತ್ತಿದ್ದರು. ಬಲೆಯ ಒಂದು ತುದಿಯನ್ನು ದಡದಲ್ಲಿ ಬಿಟ್ಟ ದೋಣಿ, ಆಳವಿಲ್ಲದ ನೀರಿನಲ್ಲಿ ಹಿಂಡನ್ನು ಅರ್ಧಚಂದ್ರಾಕಾರವಾಗಿ ಬಳಸಿ, ಇನ್ನೊಂದು ತುದಿಯೊಡನೆ ಮರಳುತ್ತಿತ್ತು. ಆ ಬಳಿಕ ಎರಡು ಹಗ್ಗಗಳಿಗೆ ಊರೇ ಕೈಹಚ್ಚುತ್ತಿತ್ತು. ಮೀನು ಹೇರಳವಾಗಿ ಸಿಕ್ಕಿದರೆ ಅದನ್ನು ಬಲೆಯ ಆವರಣದಲ್ಲೇ ಜೀವಂತವಾಗಿ ತಡೆದಿಟ್ಟು, ಬೇಕಾದಷ್ಟನ್ನೇ ತೆಗೆಯುತ್ತಿದ್ದುದುಂಟು. ಮಂಜುಗಡ್ಡೆ ಸುಲಭವಾಗಿ ಸಿಗದ ಕಾಲದ ಜಾಣ್ಮೆಯದು. ಬಲೆಯ ಒಡೆಯರ ಪಾಲು ದೊಡ್ಡದು, ನಿಜ. ಆದರೆ ಹಗ್ಗ ಹಿಡಿದವನೂ ಬರಿಗೈಯಲ್ಲಿ ಮನೆಗೆ ಹೋಗುತ್ತಿರಲಿಲ್ಲ.

1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದವು. ಹಿಂಡು ದಡದತ್ತ ಬರುವ ಮುನ್ನವೇ ಅದನ್ನು ಸುತ್ತುವರಿದು ಎತ್ತುವುದು ಸಾಧ್ಯವಾಯಿತು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆ ಸೇರಿದವು. ಈಗ ಅಲ್ಲಲ್ಲಿ ಕಾಣುವುದು ಚಿಕ್ಕದಾದ ಕೈರಂಪಣಿ. ನೆರೆಯ ಗೋವೆಯಲ್ಲಿ ರಂಪಣಿ ಎಳೆಯುವವರು ಅದೇ ದಶಕದಲ್ಲಿ ಮಾತಾನಿ ಸಲ್ಡಾನಾರಂತಹ ನಾಯಕರೊಂದಿಗೆ ಬೀದಿಗಿಳಿದು ಹೋರಾಡಿದರು.

ಯಂತ್ರವೇ ಬೇಡವೆನ್ನುವವರು ನಾವಲ್ಲ. ಯಾಂತ್ರಿಕ ದೋಣಿಯಿಂದ ಸಾಲ ತೀರಿಸಿದ, ಮಕ್ಕಳನ್ನು ಓದಿಸಿದ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲೂ ಇವೆ. ಕೈರಂಪಣಿ ಎಳೆಯುವವರೂ ಅದೇ ಇಗರ್ಜಿಯ ಅದೇ ಬಲಿಪೂಜೆಗೆ ಬರುತ್ತಾರೆ. ಪ್ರಖರ ದೀಪ ಹಾಯಿಸಿ ಮೀನು ಹಿಡಿಯುವುದನ್ನೂ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರಕಾರ 2017ರಲ್ಲೇ ನಿಷೇಧಿಸಿತು. ಹಾಗಿದ್ದೂ ರಾತ್ರಿಯ ಕಡಲಲ್ಲಿ ದೀಪಗಳು ಉರಿಯುತ್ತಿವೆಯೆಂಬ ಬಡ ಮೀನುಗಾರರ ದೂರು ನಿಂತಿಲ್ಲ. ಬೆಳಕಿಗೆ ಮರುಳಾಗಿ ಬರುವ ಮರಿಮೀನು ಬಲೆಗೆ ಬಿದ್ದರೆ, ಮುಂದಿನ ವರ್ಷ ದಡಕ್ಕೆ ಬರುವುದಾದರೂ ಏನು?

ದೋಣಿಗಳಲ್ಲಿ ಹಣ ಹೂಡಿರುವ ಸಮಾಜಬಾಂಧವರು, ಆಗಸ್ಟ್ 1ರಂದು ಅವು ಕಡಲಿಗಿಳಿಯುವ ಮುನ್ನ, ತಮ್ಮ ದೋಣಿಯಲ್ಲಿ ಅಂತಹ ದೀಪವಿದೆಯೇ ಎಂದು ಒಮ್ಮೆ ವಿಚಾರಿಸಲಿ. ದೋಣಿಯನ್ನು ಆಶೀರ್ವದಿಸಲು ಬರುವ ಗುರುಗಳೂ ಈ ಪ್ರಶ್ನೆಯನ್ನು ಕೇಳಬಹುದು.