ಐದು ದಿನಗಳ ಲೆಕ್ಕ, ತಪ್ಪು ಯಾರದು?

ಕಳೆದ ವರ್ಷ ಪುಣೆಯ ಹಿಂಜವಡಿಯ ಆಫೀಸಿನಲ್ಲಿ ಕೂತು ನಾನು ದಿನಾ ಬೆಳಿಗ್ಗೆ ಒಂದು ಫೋನ್ ಕರೆಗಾಗಿ ಕಾಯುತ್ತಿದ್ದೆ. ನಮ್ಮ ಐವಿಎಫ್ ಚಿಕಿತ್ಸೆ ನಡೆದಿತ್ತು. 10 ಅಂಡಾಣು ಸಿಕ್ಕಿದವು. ಮರುದಿನ 7 ಫಲಿತಗೊಂಡಿವೆ ಎಂದರು. ಮೂರನೇ ದಿನ 5 ಉಳಿದವು, ಐದನೇ ದಿನ 2. ಅವುಗಳಲ್ಲಿ ಒಂದನ್ನು ಗರ್ಭಕೋಶಕ್ಕೆ ಸೇರಿಸಿದರು. ಅದು ನಿಲ್ಲಲಿಲ್ಲ.

ಧಾರವಾಡದಿಂದ ಅವ್ವ ಫೋನ್ ಮಾಡಿದಳು. ‘ಸ್ಕೂಟರ್ ಹೊಡೀಬ್ಯಾಡ ಅಂತ ಹೇಳಿದ್ದೆ, ಮಾತು ಕೇಳಲಿಲ್ಲ ನೋಡು ಆಕಿ.’ ಸ್ಪೀಕರ್ ಆನ್ ಇತ್ತು, ಹೆಂಡತಿ ಪಕ್ಕದಲ್ಲೇ ಇದ್ದಳು. ನಾನು ಏನೂ ಹೇಳಲಿಲ್ಲ. ಅಂದು ಹೇಳಬೇಕಿದ್ದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಂ.ಟೆಕ್ ಓದಿದರೂ ಈ ವಿಷಯದಲ್ಲಿ ನನ್ನ ಜ್ಞಾನ ಪಿಯುಸಿ ಪುಸ್ತಕ ದಾಟಿರಲಿಲ್ಲ. ಆಮೇಲೆ ಕೇಳಿ, ಓದಿ ತಿಳಿದುಕೊಂಡೆ. ಅಂಡಾಣು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ವೀರ್ಯಾಣು ಒಳಹೊಕ್ಕ ಸುಮಾರು 16–18 ಗಂಟೆಗೆ ತಂದೆ, ತಾಯಿಯ ವರ್ಣತಂತುಗಳಿರುವ ಎರಡು ಪುಟ್ಟ ಕೇಂದ್ರಗಳು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಎರಡನೇ ದಿನ 4 ಕೋಶ, ಮೂರನೇ ದಿನ 8. ಅಲ್ಲಿಯವರೆಗೆ ಭ್ರೂಣ ಬಹುತೇಕ ಅಂಡಾಣು ಕೂಡಿಟ್ಟ ಬುತ್ತಿಯಲ್ಲೇ ಬದುಕುತ್ತದೆ. 4–8 ಕೋಶಗಳ ಹಂತದಲ್ಲಿ ಅದರ ಸ್ವಂತ ಜೀನ್‌ಗಳು ಎಚ್ಚರಗೊಳ್ಳುತ್ತವೆ. ಅಂದರೆ ಅಪ್ಪನಿಂದ ಬಂದದ್ದೂ ಕೆಲಸ ಶುರು ಮಾಡುತ್ತದೆ. ಐದನೇ ದಿನಕ್ಕೆ ಬ್ಲಾಸ್ಟೋಸಿಸ್ಟ್: ಒಳಗಿನ ಗುಂಪು ಮಗುವಾಗಬೇಕಾದದ್ದು, ಹೊರಗಿನ ಪದರ ಮಾಸುಚೀಲವಾಗಬೇಕಾದದ್ದು. ಈ ದಾರಿಯಲ್ಲಿ ಬಹಳಷ್ಟು ಭ್ರೂಣಗಳು ಅರ್ಧಕ್ಕೇ ನಿಲ್ಲುತ್ತವೆ. ವರ್ಣತಂತುಗಳ ಹಂಚಿಕೆಯಲ್ಲಾಗುವ ದೋಷ ಇದಕ್ಕೆ ದೊಡ್ಡ ಕಾರಣ. ಸಹಜ ಗರ್ಭದಲ್ಲೂ ಹೀಗಾಗುತ್ತದೆ, ಆದರೆ ಯಾರಿಗೂ ಗೊತ್ತಾಗುವುದಿಲ್ಲ.

ಅವ್ವನಿಗೆ ನಾನು ಹೇಳಬೇಕಿದ್ದದ್ದು ಇಷ್ಟೆ: ನಮ್ಮ 7 ಭ್ರೂಣಗಳಲ್ಲಿ 5 ನಿಂತುಹೋದಾಗ ಅವು ಅವಳ ಹೊಟ್ಟೆಯಲ್ಲಿ ಇರಲೇ ಇಲ್ಲ, ಪ್ರಯೋಗಾಲಯದ ಇನ್‌ಕ್ಯುಬೇಟರಿನಲ್ಲಿದ್ದವು. ಅಲ್ಲಿ ಸ್ಕೂಟರೂ ಇರಲಿಲ್ಲ, ಪಪ್ಪಾಯಿಯೂ ಇರಲಿಲ್ಲ. ಒಳಗೆ ಸೇರಿಸಿದ್ದೂ ಹೆಚ್ಚಾಗಿ ಅದೇ ಕಾರಣಕ್ಕೆ ನಿಲ್ಲದೆ ಹೋಗುತ್ತದೆ. ಭ್ರೂಣ ಸೇರಿಸಿದ ಮೇಲೆ ಹಾಸಿಗೆ ಹಿಡಿದು ಮಲಗಿದರೆ ಫಲ ಹೆಚ್ಚುತ್ತದೆ ಎಂಬುದಕ್ಕೂ ಆಧಾರವಿಲ್ಲ.

ಈ ವಿದ್ಯೆ ನಮಗೆ ಹೊಸದಲ್ಲ. 1978ರ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ, ಶೀತಲೀಕರಿಸಿಟ್ಟ ಭ್ರೂಣದಿಂದ ಹೆಣ್ಣು ಮಗು ಹುಟ್ಟಿತು. ಸರ್ಕಾರದ ಸಮಿತಿ ನಂಬಲಿಲ್ಲ. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. 1986ರಲ್ಲಿ ಮುಂಬೈನಲ್ಲಿ ಡಾ. ಇಂದಿರಾ ಹಿಂದುಜಾ ಜತೆ ಇದೇ ಸಾಧನೆ ಮಾಡಿದ ವಿಜ್ಞಾನಿ ಟಿ.ಸಿ. ಆನಂದ್ ಕುಮಾರ್, 1997ರಲ್ಲಿ ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಪರಿಶೀಲಿಸಿ, ಮೊದಲಿಗರು ತಾವಲ್ಲ, ಅವರೇ ಎಂದು ಬಹಿರಂಗವಾಗಿ ಹೇಳಿದರು. ಅಂಕಿಅಂಶ ನೋಡಿ ತನ್ನ ಹಿರಿಮೆಯನ್ನೇ ಬಿಟ್ಟುಕೊಡಲು ಧೈರ್ಯ ಬೇಕು. ನನಗೆ ಅವ್ವನೆದುರು ಒಂದು ಮಾತಾಡುವ ಧೈರ್ಯವೂ ಇರಲಿಲ್ಲ.

2021ರ ಕಾಯ್ದೆಯಂತೆ ಚಿಕಿತ್ಸಾ ಕೇಂದ್ರಗಳು ದಂಪತಿಗೆ ಪರಿಣಾಮ ಮತ್ತು ಯಶಸ್ಸಿನ ಸಾಧ್ಯತೆ ಕುರಿತು ಸಮಾಲೋಚನೆ ಕೊಡಲೇಬೇಕು. ಆದರೆ ಊರಿನ ಅವ್ವ, ಅತ್ತೆಯರಿಗೆ ಕನ್ನಡದಲ್ಲಿ ತಿಳಿಸಿ ಹೇಳುವವರು ಯಾರು? ಅದು ಗಂಡನ ಕೆಲಸ. ಮಕ್ಕಳಾಗದ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಹಾಗಿದ್ದೂ ಮೊದಲು ಪರೀಕ್ಷೆಗೆ ಹೋಗುವವಳು ಹೆಂಡತಿ, ಕೊನೆಯಲ್ಲಿ ಮಾತು ಕೇಳುವವಳೂ ಅವಳೇ.

ದೀಪಾವಳಿಗೆ ಊರಿಗೆ ಹೋದಾಗ ಅವ್ವನಿಗೆ ಮೊಬೈಲಿನಲ್ಲಿ ಆ ಐದನೇ ದಿನದ ಭ್ರೂಣದ ಚಿತ್ರ ತೋರಿಸಿ ಎಲ್ಲ ಹೇಳಿದೆ. ಬಹಳ ಹೊತ್ತು ನೋಡಿದಳು. ಆಮೇಲೆ ಸೊಸೆಯನ್ನು ಕರೆದು ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಂಡಳು. ಇನ್ನೊಂದು ಭ್ರೂಣ ಪುಣೆಯಲ್ಲಿ ಕಾಯುತ್ತಿದೆ. ಅದು ನಿಲ್ಲದಿದ್ದರೂ ಈ ಸಲ ನಾನು ಸುಮ್ಮನಿರುವುದಿಲ್ಲ.