ನಾಲ್ಕನೆಯವಳ ಕಡ್ಡಿ ಏಕೆ ವಾಲಿದೆ?



ವಿಡಿಯೋ ಗೇಮಿನ ವಿಚಾರವಾಗಿ ನಾನು ಲೇಖನಿ ಹಿಡಿದಿರುವುದನ್ನು ಕಂಡು ನಿಮ್ಮಲ್ಲಿ ಕೆಲವರು ನಗುವುದು ಖಂಡಿತ. ತೊಂಬತ್ತರ ದಶಕದಲ್ಲಿ ರಾಜಾಜಿನಗರದ ವಿಡಿಯೋ ಗೇಮ್ ಅಂಗಡಿಯೊಂದರ ಪರದೆ ಸರಿಸಿ, ಶಾಲೆಯ ಸಮಯದಲ್ಲಿ ಒಳಗಿದ್ದ ಮೂವರನ್ನು ಕಿವಿ ಹಿಡಿದು ಹೊರಗೆಳೆದ ಮೇಷ್ಟ್ರು ನಾನೇ. ಆ ಮೂವರಲ್ಲೊಬ್ಬರು ಈ ಪುಟವನ್ನು ತಪ್ಪದೆ ಓದುತ್ತಾರೆ. ಅಂದು ಅವರು ಆಡುತ್ತಿದ್ದುದು ನಮ್ಮ ಹುಡುಗರು ‘ಮುಸ್ತಫಾ’ ಎಂದು ಕರೆಯುತ್ತಿದ್ದ ಆಟ. ಅದರ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’ ಎಂದೂ, ಜಪಾನಿನ ಕ್ಯಾಪ್‌ಕಾಮ್ ಕಂಪನಿ ಅದನ್ನು 1993ರಲ್ಲಿ ತಂದಿತೆಂದೂ, ಮೂವರು ಒಟ್ಟಿಗೆ ಆಡಲೆಂದೇ ಅದನ್ನು ಮಾಡಿದ್ದರೆಂದೂ ನನಗೆ ತಿಳಿಸಿದವನು ನನ್ನ ಮೊಮ್ಮಗ.

ಈ ಬೇಸಿಗೆಯಲ್ಲಿ ಬಸವೇಶ್ವರನಗರದ ನಮ್ಮ ಮನೆಯ ಹಜಾರದಲ್ಲಿ ಅಳಿಯ ಮತ್ತು ಮೊಮ್ಮಗ ಸೇರಿ ಅಂಥದೇ ಒಂದು ಆರ್ಕೇಡ್ ಪೆಟ್ಟಿಗೆಯನ್ನು ಕಟ್ಟತೊಡಗಿದರು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆಯಿಂದ 18 ಮಿಲಿಮೀಟರ್ ಪ್ಲೈವುಡ್ ಬಂತು, ಎಸ್.ಪಿ. ರಸ್ತೆಯಿಂದ ಜಾಯ್‌ಸ್ಟಿಕ್, ಬಟನ್, ವೈರು ಬಂದವು. ಒಳಗೊಂದು ಹಳೆಯ ಕಂಪ್ಯೂಟರು, ಅದರಲ್ಲಿ 1997ರಲ್ಲಿ ಮೊದಲು ಹೊರಬಂದ ‘ಮೇಮ್’ ಎಂಬ ತಂತ್ರಾಂಶ. ನಾಲ್ವರು ಆಡುವ ಪೆಟ್ಟಿಗೆಯೆಂದು ಬೀದಿಗೆಲ್ಲ ಸುದ್ದಿಯಾಯಿತು. ಇಷ್ಟರವರೆಗೆ ನನ್ನ ತಕರಾರೇನೂ ಇರಲಿಲ್ಲ.

ತಕರಾರು ಹುಟ್ಟಿದ್ದು ಆಟ ಶುರುವಾದ ದಿನ. ಹಾಕಿದ್ದು 1989ರ ಕೊನಾಮಿ ಕಂಪನಿಯ ಆಮೆಗಳ ಆಟ. ಎಡತುದಿಯಲ್ಲಿ ಮೊಮ್ಮಗ, ನಡುವೆ ಅಳಿಯ ಮತ್ತು ಅವರ ಗೆಳೆಯರು, ಬಲತುದಿಯ ಮೂಲೆಯಲ್ಲಿ ಏಳು ವರ್ಷದ ಮೊಮ್ಮಗಳು. ಅವಳು ಕಡ್ಡಿಯನ್ನು ನೇರವಾಗಿ ಮುಂದಕ್ಕೆ ತಳ್ಳಿದರೆ ಅವಳ ಆಮೆ ಓರೆಯಾಗಿ ನಡೆದು ಶತ್ರುವಿನ ಬಾಯಿಗೇ ಬೀಳುತ್ತಿತ್ತು. ಮೂರು ಆಟ ಮುಗಿಯುವುದರಲ್ಲಿ ಮನೆಯವರೆಲ್ಲ ಒಂದು ತೀರ್ಪಿಗೆ ಬಂದಿದ್ದರು: “ಅವಳಿಗೆ ಬರಲ್ಲ, ಬಿಡಿ.” ಅವಳೂ ಅದನ್ನು ನಂಬಿ ಒಳಗೆ ಹೋಗಿ ಗೊಂಬೆ ಹಿಡಿದು ಕುಳಿತಳು.

ಮೊಮ್ಮಗ ಅವನ ತುದಿಗೆ ಒಗ್ಗಿಹೋಗಿದ್ದ. ಎರಡು ವಾರದಿಂದ ಅವನಿಗೆ ಅದೇ ಕೆಲಸ. ನಾನು ಅಳತೆಪಟ್ಟಿ, ಕೋನಮಾಪಕ ಹಿಡಿದು ಹಲಗೆಯನ್ನು ಪರೀಕ್ಷಿಸಿದೆ. ನಡುವಿನ ಎರಡು ಕಡ್ಡಿಗಳು ಪರದೆಗೆ ನೇರವಾಗಿದ್ದವು. ತುದಿಯ ಎರಡನ್ನು ಸುಮಾರು 30 ಡಿಗ್ರಿ ಒಳಮುಖವಾಗಿ ತಿರುಗಿಸಿ ಕೂರಿಸಲಾಗಿತ್ತು. ಮೂಲೆಯಲ್ಲಿ ನಿಲ್ಲುವವರ ಮೈ ಓರೆಯಾಗಿರುತ್ತದೆ, ಆದ್ದರಿಂದ ಕಡ್ಡಿಯೂ ಓರೆಯಾಗಿರಬೇಕು ಎಂಬುದು ಅಳಿಯನ ವಾದ.

ಈ ವಾದ ತಪ್ಪು. ಭೌತಶಾಸ್ತ್ರದ ಮೇಷ್ಟ್ರಾಗಿ ಲೆಕ್ಕವನ್ನೇ ಕೊಡುತ್ತೇನೆ. ಕಡ್ಡಿಯ ಬುಡದಲ್ಲಿ ನಾಲ್ಕು ಮೈಕ್ರೋಸ್ವಿಚ್‌ಗಳಿರುತ್ತವೆ. ಒಂದು ಒತ್ತಿದರೆ ನೇರ ದಿಕ್ಕು, ಅಕ್ಕಪಕ್ಕದ ಎರಡು ಒತ್ತಿದರೆ ಮೂಲೆಯ ದಿಕ್ಕು, ಒಟ್ಟು ಎಂಟು. 360 ಡಿಗ್ರಿಯನ್ನು ಎಂಟಕ್ಕೆ ಸಮನಾಗಿ ಹಂಚಿದರೆ ಒಂದೊಂದು ದಿಕ್ಕಿಗೆ 45, ಅಂದರೆ ನಡುಗೆರೆಯಿಂದ ಆಚೆಗೆ ಇಪ್ಪತ್ತೆರಡೂವರೆ, ಈಚೆಗೆ ಇಪ್ಪತ್ತೆರಡೂವರೆ. ಬುಡವನ್ನೇ 30 ಡಿಗ್ರಿ ತಿರುಗಿಸಿದ ಮೇಲೆ, ಮಗು ಪರದೆಯತ್ತ ನೇರವಾಗಿ ತಳ್ಳಿದ್ದೂ ಗಡಿ ದಾಟಿ ಮೂಲೆಯ ದಿಕ್ಕೆಂದೇ ದಾಖಲಾಗುತ್ತದೆ. ಮೈ ಎತ್ತ ತಿರುಗಿದ್ದರೂ ಕಣ್ಣು ಪರದೆಯ ಮೇಲಿರುತ್ತದೆ, ಕೈ ನಡೆಯುವುದು ಕಣ್ಣನ್ನು ಅನುಸರಿಸಿ. ನಂಬದವರು ತಮ್ಮ ಕಂಪ್ಯೂಟರಿನ ಮೌಸನ್ನು ಅಷ್ಟೇ ಓರೆಯಾಗಿ ಹಿಡಿದು ಒಂದು ಗೆರೆ ಎಳೆದು ನೋಡಲಿ.

“ಕೇರಂ ಬೋರ್ಡಿನಲ್ಲಿ ನಾಲ್ವರೂ ನಾಲ್ಕು ಕಡೆ ಕೂರೋದಿಲ್ಲವೇ, ಮಾವ?” ಎಂದರು ಅಳಿಯಂದಿರು. ಕೂರುತ್ತಾರೆ. ಚೌಕಾಬಾರದಲ್ಲಿಯೂ ಕೂರುತ್ತಾರೆ, ಅಲ್ಲಿ ಐದೈದರ ಮನೆಗಳ ನಡುವೆ ಪ್ರತಿಯೊಬ್ಬರಿಗೂ ತಮ್ಮದೇ ಕಟ್ಟೆ, ತಮ್ಮದೇ ದಾರಿ. ನೆಲದ ಮೇಲಿನ ಆಟಕ್ಕೆ ನಾಲ್ಕು ‘ಮುಂದೆ’ಗಳಿವೆ. ಗೋಡೆಯಂತೆ ಎದುರು ನಿಂತ ಪರದೆಗೆ ಇರುವುದು ಒಂದೇ. ಬಟನ್‌ಗಳ ಸಾಲನ್ನು ಬೇಕಾದರೆ ಅಂಗೈಗೆ ಒಗ್ಗುವಂತೆ ಬಾಗಿಸಿಕೊಳ್ಳಿ, ಅವಕ್ಕೆ ದಿಕ್ಕಿಲ್ಲ. ಕಡ್ಡಿಯನ್ನು ಮಾತ್ರ ವಾಲಿಸಬೇಡಿ.

ಆದರೆ ಅವಳು ಮೂಲೆ ಸೇರಿದ್ದಾದರೂ ಏಕೆ? ಹಲಗೆಯ ಅಗಲ ನಾಲ್ಕು ಅಡಿ, ತಲೆಗೊಂದು ಅಡಿ. ದೊಡ್ಡವರೊಬ್ಬರ ಭುಜಕ್ಕೇ ಒಂದೂವರೆ ಅಡಿ ಬೇಕು. ಇಂಥ ಇಕ್ಕಟ್ಟಿನಲ್ಲಿ ನಟ್ಟನಡುವೆ ಒಂದು ಟ್ರ್ಯಾಕ್‌ಬಾಲ್ ಚೆಂಡು, 1980ರ ‘ಮಿಸೈಲ್ ಕಮಾಂಡ್’ನಂಥ ನಾಲ್ಕಾರು ಆಟಗಳಿಗಾಗಿ! ಅದನ್ನು ಉರುಳಿಸುವವನು ಒಬ್ಬ. ಉಳಿದ ಮೂವರು ಕೈಕಟ್ಟಿ ನೋಡಬೇಕು. ಸಾಲದೆಂದು ನಾಲ್ವರಿಗೂ ಆರಾರು ಬಟನ್. ಆರು ಬಟನ್ ಕೇಳುವುದು 1991ರ ‘ಸ್ಟ್ರೀಟ್ ಫೈಟರ್ 2’ರಂಥ ಇಬ್ಬರ ಕಾಳಗ. ನಾಲ್ವರ ಆಮೆಗಳಿಗೆ ಹೊಡೆಯಲೊಂದು, ನೆಗೆಯಲೊಂದು, ಎರಡೇ ಸಾಕು. 1985ರ ‘ಗಾಂಟ್ಲೆಟ್’ಗೂ ಎರಡೇ. ಎಂದೋ ಒಮ್ಮೆ ಬೇಕಾದೀತೆಂದು ಕೊರೆದ ಒಂದೊಂದು ರಂಧ್ರವೂ ತುದಿಯಲ್ಲಿ ನಿಂತವಳನ್ನು ಇನ್ನಷ್ಟು ಆಚೆಗೆ ತಳ್ಳಿದೆ. ಆಟಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಹಲಗೆ ಬರೆದದ್ದೇ ಮೂಲದೋಷ. ನಿಲ್ಲುವ ನಾಲ್ವರನ್ನು ಮೊದಲು ನಿಲ್ಲಿಸಿ, ಅವರ ಕೈ ಬಂದಲ್ಲಿ ಗುರುತು ಹಾಕಬೇಕಿತ್ತು.

ವೈರಿಂಗಿನಲ್ಲೂ ಇದೇ ಕಥೆ. ಖರ್ಚು ಉಳಿಸಲು ಹಳೆಯ ಕೀಬೋರ್ಡಿನ ಸರ್ಕ್ಯೂಟನ್ನು ಬಿಚ್ಚಿ ಜೋಡಿಸಿದ್ದರು. ಕೀಬೋರ್ಡಿನ ಕೀಲಿಗಳು ಅಡ್ಡಸಾಲು, ಕಂಬಸಾಲುಗಳಲ್ಲಿ ಒಂದೇ ತಂತಿಯನ್ನು ಹಂಚಿಕೊಂಡಿರುತ್ತವೆ. ಒಬ್ಬರು ಟೈಪು ಮಾಡುವುದಕ್ಕೆ ಅದು ಸಾಕು. ನಾಲ್ವರು ಏಕಕಾಲಕ್ಕೆ ಗುದ್ದಿದರೆ ಯಾರದೋ ಒತ್ತು ನುಂಗಿಹೋಗುತ್ತದೆ. ಪ್ರತಿ ಸ್ವಿಚ್ಚಿಗೂ ಪ್ರತ್ಯೇಕ ತಂತಿ, ಎಲ್ಲಕ್ಕೂ ಸೇರಿ ಒಂದು ಗ್ರೌಂಡ್ ಇರುವ ಎನ್‌ಕೋಡರ್ ಹಾಕಿದರೆ ಈ ಅನ್ಯಾಯ ಇರುವುದಿಲ್ಲ.

ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಮೊದಲ ಬೆಂಚಿನ ತುದಿಗೆ ಕೂರುತ್ತಿದ್ದ ಒಬ್ಬ ಹುಡುಗನಿದ್ದ. ಬೋರ್ಡಿನ ಮೇಲೆ ಬರೆದದ್ದನ್ನು ಅರ್ಧಕ್ಕೇ ಬಿಡುತ್ತಿದ್ದ. ಪ್ರಗತಿಪತ್ರದಲ್ಲಿ ‘ಗಮನ ಸಾಲದು’ ಎಂದು ಎರಡು ಸಲ ಬರೆದೆ. ವಾರ್ಷಿಕ ಪರೀಕ್ಷೆಯ ಮೇಲ್ವಿಚಾರಣೆಗೆ ಕುಳಿತ ದಿನ ಕಾಲು ನೋವೆಂದು ಆ ಜಾಗದಲ್ಲಿ ಕುಳಿತೆ. ಕಿಟಕಿಯ ಬೆಳಕು ಬಿದ್ದು ಬೋರ್ಡಿನ ಎಡಭಾಗ ಬರಿಯ ಹೊಳಪಾಗಿ ಕಂಡಿತು. ಬೆಂಚನ್ನು ಸರಿಸಲು ಎರಡು ನಿಮಿಷ ಸಾಕಾಗಿತ್ತು. ಆ ಹುಡುಗ ಅಷ್ಟರಲ್ಲಿ ಬೇರೆ ಶಾಲೆಗೆ ಹೋಗುವುದು ನಿಶ್ಚಯವಾಗಿತ್ತು. ಪತ್ರದಲ್ಲಿ ಬರೆದದ್ದನ್ನು ನಾನು ತಿದ್ದಲಿಲ್ಲ.

ಅಳಿಯಂದಿರು ಟ್ರ್ಯಾಕ್‌ಬಾಲ್ ತೆಗೆಯಲು ಒಪ್ಪಿದ್ದಾರೆ, ತುದಿಯವರಿಗೆ ಮೂರು ಬಟನ್ ಇರಲೇಬೇಕೆಂದು ಹಟ ಹಿಡಿದಿದ್ದಾರೆ. ಇರಲಿ. ಈ ಸಲ ಮೊದಲು ರಟ್ಟಿನ ಮೇಲೆ ನಮೂನೆ ಮಾಡಿ, ನಾಲ್ವರನ್ನೂ ನಿಲ್ಲಿಸಿ ಗುರುತು ಹಾಕಿದ್ದೇವೆ. ನಾಲ್ಕು ಕಡ್ಡಿಗಳೂ ನೇರ. ಬರುವ ಭಾನುವಾರ ಹೊಸ ಹಲಗೆ ಕೊರೆಯುವುದಿದೆ. ಅಂದು ಕಿವಿ ಹಿಡಿಸಿಕೊಂಡ ಮೂವರಿಗೂ ಆಹ್ವಾನವಿದೆ. ‘ಮುಸ್ತಫಾ’ ಹಾಕಿಸುತ್ತೇನೆ. ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ಮೊಮ್ಮಗಳು ಹೇಳುತ್ತಾಳೆ.